ಡಬ್ಬಿ ಮಾಡುವ ಯಂತ್ರಗಳಲ್ಲಿ ನಿಜವಾಗಿ ದೊಡ್ಡ ಆವಿಷ್ಕಾರ ಯಾವುದು?

#1 ತಗಡುಚಕ್ರ

ಹಳೆಯ ಪೇಟೆಂಟ್‌ಗಳನ್ನು ಓದುವ ಚಟವಿದ್ದವರಿಗೆ ಬಿ21ಡಿ 51/26 ಪರಿಚಿತ. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಲೋಹದ ಡಬ್ಬಿಗಳನ್ನು ಮಾಡುವ, ಮುಚ್ಚುವ ವಿಧಾನಗಳೆಲ್ಲ ಬಂದು ಬೀಳುವ ಜಾಗ ಅದು. ಅಲ್ಲಿ ಕೆದಕತೊಡಗಿದರೆ ಮೊದಲು ಬೇಸರವೇ ಆಗುತ್ತದೆ. ಒಬ್ಬರು ರೋಲರಿನ ತೋಡಿನ ವಕ್ರತೆಯನ್ನು ತುಸು ಬದಲಿಸಿರುತ್ತಾರೆ, ಇನ್ನೊಬ್ಬರು ಲೋಹವನ್ನು ಒತ್ತಿ ಆಕಾರ ಕೊಡುವ ಪಂಚ್‌ನೊಳಗೆ ಗಾಳಿ ಹಾಯುವ ರಂಧ್ರವನ್ನು ಆಚೀಚೆ ಸರಿಸಿರುತ್ತಾರೆ. ಇಷ್ಟಕ್ಕೂ ಒಂದು ಪೇಟೆಂಟೇ ಎನ್ನಿಸುತ್ತದೆ.

ಆದರೆ ಬಹಳಷ್ಟನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ದಾರಿ ಕಾಣುತ್ತಿದೆ. ಮೊದಲ ಕಾಲದ ಡಬ್ಬಿಯಲ್ಲಿ ಬೆಸುಗೆ ಎಷ್ಟು ಕಡೆ ಇತ್ತು ಎಂದು ಎಣಿಸಿ: ಪಕ್ಕದ ಜೋಡಣೆ, ತಳ, ಮೇಲ್ಭಾಗ, ಮೇಲ್ಭಾಗದ ನಡುವೆ ಪದಾರ್ಥ ತುಂಬಲು ಬಿಟ್ಟ ತೂತಿನ ಮೇಲಿನ ಬಿಲ್ಲೆ, ಆ ಬಿಲ್ಲೆಯಲ್ಲಿ ಹಬೆ ಹೋಗಲು ಬಿಟ್ಟ ಸೂಜಿರಂಧ್ರ. ಒಟ್ಟು ಐದು. ಇಂದಿನ ಪಾನೀಯದ ಅಲ್ಯೂಮಿನಿಯಂ ಡಬ್ಬಿಯಲ್ಲಿ ಬೆಸುಗೆಯೇ ಇಲ್ಲ, ಜೋಡಣೆ ಒಂದೇ ಒಂದು. ಇನ್ನೂರು ವರ್ಷಗಳ ಯಂತ್ರವಿದ್ಯೆ ಮಾಡಿದ್ದು ಜೋಡಣೆಗಳನ್ನು ಒಂದೊಂದಾಗಿ ಕಿತ್ತುಹಾಕುವ ಕೆಲಸವನ್ನು ಎಂಬುದು ನನ್ನ ವಾದ. ಅಳತೆಗೋಲು ಇದೇ ಆದರೆ ಯಾವ ಹೆಜ್ಜೆ ಅತಿ ಕಠಿಣವಾಗಿತ್ತು? ಈ ಯಂತ್ರಗಳ ಪಕ್ಕದಲ್ಲಿ ನಿಂತು ಕೆಲಸ ಮಾಡಿದವರು ಹೇಳಬೇಕು.

#2 ರಾತ್ರಿಪಾಳಿ

ಡಬ್ಬಿಗೆ ಮುಚ್ಚಳ ಮಡಿಸಿ ಕೂರಿಸುವ ಸೀಮರ್ ಯಂತ್ರದ ಫಿಟ್ಟರ್ ನಾನು, ಪಕ್ಷಪಾತ ಇದ್ದೇ ಇದೆ. ನನ್ನ ಉತ್ತರ ಡಬಲ್ ಸೀಮ್. ಉಳಿದ ಯಾವ ಜೋಡಣೆ ಹೋದರೂ ಇದು ಹೋಗಲಿಲ್ಲ ಎಂಬುದೇ ಅದರ ದೊಡ್ಡಸ್ತಿಕೆ.

ಗೊತ್ತಿಲ್ಲದವರಿಗಾಗಿ ವಿವರಿಸುತ್ತೇನೆ. ಡಬ್ಬಿಯ ಬಾಯಂಚನ್ನು ಹೊರಕ್ಕೆ ಬಾಗಿಸಿರುತ್ತಾರೆ, ಅದು ಫ್ಲೇಂಜ್. ಮುಚ್ಚಳದ ಅಂಚನ್ನು ಒಳಕ್ಕೆ ಸುರುಳಿ ಮಾಡಿರುತ್ತಾರೆ. ಡಬ್ಬಿ ಕೆಳಗಿನ ತಟ್ಟೆಯ ಮೇಲೆ ಏರುತ್ತದೆ, ಮುಚ್ಚಳದ ತಗ್ಗಿನೊಳಗೆ ಮೇಲಿನಿಂದ ಚಕ್ ಎಂಬ ಹಿಡಿಕೆ ಬಿಲ್ಲೆ ಕೂರುತ್ತದೆ, ಎರಡೂ ಸೇರಿ ತಿರುಗುತ್ತವೆ. ಮೊದಲ ರೋಲರಿನ ತೋಡು ಇಕ್ಕಟ್ಟಾಗಿಯೂ ಆಳವಾಗಿಯೂ ಇರುತ್ತದೆ. ಅದು ಮುಚ್ಚಳದ ಸುರುಳಿಯನ್ನು ಫ್ಲೇಂಜಿನ ಕೆಳಗೆ ತಿರುಗಿಸಿ ಕೊಕ್ಕೆಗೆ ಕೊಕ್ಕೆ ಸಿಕ್ಕಿಸುತ್ತದೆ. ಎರಡನೆಯದರ ತೋಡು ಆಳವಿಲ್ಲದ್ದು, ಬಹುಮಟ್ಟಿಗೆ ಚಪ್ಪಟೆ. ಅದು ಆ ಮಡಿಕೆಯನ್ನು ಒತ್ತಿ ಬಿಗಿ ಮಾಡುತ್ತದೆ. ಮುಗಿದಾಗ ಐದು ಪದರ: ಮುಚ್ಚಳದ್ದು ಮೂರು, ಒಡಲಿನದು ಎರಡು.

ಲೋಹವನ್ನು ಲೋಹಕ್ಕೆ ಎಷ್ಟೇ ಒತ್ತಿದರೂ ಗಾಳಿ ನುಸುಳುತ್ತದೆ. ಆದ್ದರಿಂದ ಮುಚ್ಚಳದ ಸುರುಳಿಯೊಳಗೆ ಮೊದಲೇ ರಬ್ಬರಿನಂಥ ಕಾಂಪೌಂಡ್ ಸುರಿದು ಒಣಗಿಸಿರುತ್ತಾರೆ. ಬಿಗಿ ಕೊಡುವುದು ಲೋಹ, ಸೋರದಂತೆ ಕಾಯುವುದು ಕಾಂಪೌಂಡ್. ಈ ಎರಡನ್ನೂ ಒಂದೇ ಏಟಿಗೆ ಸಾಧಿಸಿದ್ದು ಆವಿಷ್ಕಾರ. ಬರೀ ಮಡಿಕೆ ಹಾಕುವುದು ತಗಡು ಕೆಲಸದವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು.

#3 ಕುತೂಹಲಿ

ನಾನು ಯಾಂತ್ರಿಕ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಇದಕ್ಕೂ ಮೊದಲು ಕೈಯಲ್ಲಿ ಹೇಗೆ ಮಾಡುತ್ತಿದ್ದರು? ಯಂತ್ರ ಬಂದದ್ದು ಯಾವಾಗ?

#4 ಹಳೆಯಪುಟ

ಇತಿಹಾಸದ ಭಾಗ ನನಗಿರಲಿ.

ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕುದಿಸಿ ಕಾಪಿಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ 12,000 ಫ್ರಾಂಕ್ ಬಹುಮಾನ ಪಡೆದ. ಅವನು ಬಳಸಿದ್ದು ಗಾಜಿನ ಸೀಸೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಪಡೆದ ಪೇಟೆಂಟ್‌ನಲ್ಲಿ ತವರ ಲೇಪಿಸಿದ ಕಬ್ಬಿಣದ ಪಾತ್ರೆಯೂ ಸೇರಿತ್ತು. ಆ ಹಕ್ಕು ಬ್ರಯಾನ್ ಡಾಂಕಿನ್ ಮತ್ತು ಅವನ ಪಾಲುದಾರರ ಕೈಗೆ ಬಂದು, 1813ರ ಹೊತ್ತಿಗೆ ಲಂಡನ್ನಿನ ಬರ್ಮಂಡ್ಸೆಯಲ್ಲಿ ಕಾರ್ಖಾನೆ ನಡೆಯುತ್ತಿತ್ತು. ಕಾಗದವನ್ನು ಉದ್ದನೆಯ ಹಾಳೆಯಾಗಿ ತಯಾರಿಸುವ ಯಂತ್ರವನ್ನು ಕೆಲಸಕ್ಕೆ ಬರುವಂತೆ ಮಾಡಿದವನೂ ಇದೇ ಡಾಂಕಿನ್. ಅಂಥ ಯಂತ್ರತಜ್ಞನ ಕಾರ್ಖಾನೆಯಲ್ಲೇ ಡಬ್ಬಿಗಳು ಕತ್ತರಿ, ಸುತ್ತಿಗೆ, ಬೆಸುಗೆ ಸಲಾಕೆಗಳಿಂದ ತಯಾರಾಗುತ್ತಿದ್ದವು ಎಂಬುದು ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ.

ಯಂತ್ರಗಳು ಬಂದದ್ದು ಬಿಡಿಬಿಡಿಯಾಗಿ. 1840ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅಲೆನ್ ಟೇಲರ್ ಡಬ್ಬಿಯ ತಳ ಮತ್ತು ಮುಚ್ಚಳಗಳ ಅಂಚನ್ನು ಅಚ್ಚಿನಲ್ಲಿ ಒತ್ತಿ ಬಾಗಿಸುವ ಉಪಾಯ ಕಂಡುಕೊಂಡ. ಹೆನ್ರಿ ಇವಾನ್ಸ್ ಅದೇ ಕೆಲಸಕ್ಕೆ ಲೋಲಕ ಪ್ರೆಸ್ ತಂದ. ಒಡಲನ್ನು ಸುತ್ತುವುದು, ಬೆಸೆಯುವುದು ಆಗಲೂ ಕೈಕೆಲಸವೇ. ಆಮೇಲೆ ಡಬ್ಬಿಯನ್ನು ಓರೆಯಾಗಿ ಉರುಳಿಸುತ್ತ ಅದರ ಅಂಚು ಮಾತ್ರ ಕರಗಿದ ಬೆಸುಗೆಯಲ್ಲಿ ಅದ್ದಿ ಹೋಗುವಂತೆ ಮಾಡುವ ಯಂತ್ರಗಳು ಬಂದವು. 1880ರ ದಶಕದಲ್ಲಿ ಷಿಕಾಗೋದ ನಾರ್ಟನ್ ಸಹೋದರರು ಈ ಬಿಡಿ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ಡಬ್ಬಿ ತಾನೇ ಒಂದರಿಂದ ಇನ್ನೊಂದಕ್ಕೆ ಸಾಗುವ ಹಾಗೆ ಮಾಡಿದರು. ಗಂಟೆಗೆ ಸುಮಾರು 2,500 ಡಬ್ಬಿ. ಬೆಸುಗೆಯವರ ಕೆಲಸಕ್ಕೆ ಸಂಚಕಾರ ಬಂದದ್ದು ಅಲ್ಲಿಂದ.

ರಾತ್ರಿಪಾಳಿಯವರ ಡಬಲ್ ಸೀಮ್ ನ್ಯೂಯಾರ್ಕಿನ ಆಮ್ಸ್ ಮನೆತನದ ಯಂತ್ರ ಕಂಪನಿಯ ಕೊಡುಗೆ. ಮುಚ್ಚಳಕ್ಕೆ ರಬ್ಬರ್ ಕಾಂಪೌಂಡ್ ಹಚ್ಚುವ ಪೇಟೆಂಟ್ 1896ರದು. 1904ರಲ್ಲಿ ಇಂಥ ಡಬ್ಬಿಗಳನ್ನು ಮಾಡುವ ಸ್ಯಾನಿಟರಿ ಕ್ಯಾನ್ ಕಂಪನಿ ಶುರುವಾಯಿತು. ತುಂಬುವ ತೂತು, ಬಿಲ್ಲೆ, ಸೂಜಿರಂಧ್ರ ಎಲ್ಲ ಒಂದೇ ಸಲ ಹೋದವು. ಡಬ್ಬಿಯ ಬಾಯಿ ಪೂರ್ತಿ ತೆರೆದಿದ್ದರಿಂದ ದೊಡ್ಡ ತುಂಡುಗಳನ್ನೂ ಕೆಡಿಸದೆ ತುಂಬಬಹುದಾಯಿತು.

#5 ಪಂಚುಡೈ

ಎಲ್ಲರೂ ಸೀಮಿನ ಸುತ್ತಲೇ ತಿರುಗುತ್ತಿದ್ದೀರಿ. ನಾನು ಅಚ್ಚು ಮಾಡುವವನು. ನನ್ನ ಪ್ರಕಾರ ಕಠಿಣವಾದ ಹೆಜ್ಜೆ ಒಂದೇ: ಪಕ್ಕದ ಮತ್ತು ತಳದ ಜೋಡಣೆ ಎರಡನ್ನೂ ಇಲ್ಲವಾಗಿಸಿದ, ಒಡಲನ್ನು ಒಂದೇ ತುಂಡಾಗಿ ಎಳೆಯುವ ಬಾಡಿಮೇಕರ್ ಯಂತ್ರ. ಅದರ ಮುಂದೆ ನಿಂತು ನೋಡಿದವರಿಗೆ ಉಳಿದದ್ದೆಲ್ಲ ತಗಡು ಮಡಿಸುವ ಕೆಲಸವಾಗಿ ಕಾಣುತ್ತದೆ.

ಮಾದರಿಗೆ ಒಂದು ಲೆಕ್ಕ ಕೊಡುತ್ತೇನೆ. ಸುಮಾರು 0.3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ. ಮೊದಲ ಪ್ರೆಸ್ ಒಂದು ಏಟಿಗೆ ಹತ್ತಕ್ಕೂ ಹೆಚ್ಚು ಬಿಲ್ಲೆಗಳನ್ನು ಕತ್ತರಿಸಿ, ಅದೇ ಏಟಿನಲ್ಲಿ ಬಟ್ಟಲಾಗಿ ಒತ್ತುತ್ತದೆ. ಬಿಲ್ಲೆಯ ವ್ಯಾಸ 140 ಮಿಲಿಮೀಟರಿನ ಆಸುಪಾಸು, ಬಟ್ಟಲಿನದು 89. ಬಾಡಿಮೇಕರಿನ ಪಂಚ್ ಆ ಬಟ್ಟಲನ್ನು ಹಿಡಿದು ಮೊದಲು 66 ಮಿಲಿಮೀಟರಿಗೆ ಇಳಿಸುತ್ತದೆ, ನಿಲ್ಲದೆ ಮುಂದೆ ನುಗ್ಗಿ ಸಾಲಾಗಿ ನಿಂತ, ಗೋಡೆಯನ್ನು ಉಜ್ಜಿ ತೆಳುಗೊಳಿಸುವ ಮೂರು ಐರನಿಂಗ್ ಉಂಗುರಗಳನ್ನು ದಾಟುತ್ತದೆ. ಪ್ರತಿ ಉಂಗುರ ಹಿಂದಿನದಕ್ಕಿಂತ ಕಿರಿದು. ಗೋಡೆ 0.1 ಮಿಲಿಮೀಟರಿನ ಹತ್ತಿರಕ್ಕೆ ತೆಳುವಾಗಿ ಉದ್ದ ಬೆಳೆಯುತ್ತದೆ. ತಳದ ದಪ್ಪ ಹಾಗೆಯೇ ಉಳಿಯುತ್ತದೆ. ಹೊಡೆತದ ಕೊನೆಯಲ್ಲಿ ಪಂಚ್ ಎದುರಿನ ಅಚ್ಚಿಗೆ ಒತ್ತಿದಾಗ ತಳ ಒಳಕ್ಕೆ ಗುಮ್ಮಟವಾಗುತ್ತದೆ. ಹಿಂದಕ್ಕೆ ಬರುವಾಗ ಪಂಚ್‌ನೊಳಗಿನಿಂದ ಗಾಳಿ ಊದಿ ಡಬ್ಬಿಯನ್ನು ಕಳಚುತ್ತಾರೆ. ಇಷ್ಟೆಲ್ಲ ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಬಾರಿ. ತಗಡುಚಕ್ರ ಅವರು ಬೇಸರಪಟ್ಟ ಆ ಗಾಳಿರಂಧ್ರದ ಪೇಟೆಂಟ್ ಯಾಕೆ ಬೇಕು ಎಂದು ಈಗ ತಿಳಿಯಬೇಕು. ಗಾಳಿ ಸಮನಾಗಿ ಬರದಿದ್ದರೆ ಅಷ್ಟು ತೆಳುವಾದ ಡಬ್ಬಿ ಕಳಚುವಾಗಲೇ ನಜ್ಜುಗುಜ್ಜು.

ಇನ್ನೊಂದು ಕಷ್ಟ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಪಂಚ್ ಹೊತ್ತ ರಾಮ್ ಎಂಬ ದಂಡ ಅರ್ಧ ಮೀಟರಿಗೂ ಮೀರಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಆಸರೆಯಿಲ್ಲದೆ ಚಾಚಿದ ತುದಿ ತನ್ನ ಭಾರಕ್ಕೆ ಒಂದಿಷ್ಟು ಬಾಗಲೇಬೇಕು. ಬಾಗಿದರೆ ಡಬ್ಬಿಯ ಗೋಡೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು. ಅಂತರವನ್ನು ಕಾಯಬೇಕಾದದ್ದು ಮೈಕ್ರಾನ್‌ಗಳಲ್ಲಿ. ತಿರುಗುವ ಕ್ರ್ಯಾಂಕಿನಿಂದ ಇಷ್ಟು ಉದ್ದದ, ಇಷ್ಟು ನೇರವಾದ ಚಲನೆ ಪಡೆಯುವುದು, ರಾಮ್ ಅನ್ನು ಒತ್ತಡದ ದ್ರವದ ಪದರದ ಮೇಲೆ ತೇಲಿಸುವುದು, ಟಂಗ್‌ಸ್ಟನ್ ಕಾರ್ಬೈಡಿನ ಉಂಗುರಗಳನ್ನು ಕನ್ನಡಿಯಂತೆ ಹೊಳಪು ಮಾಡುವುದು, ಇವೆಲ್ಲ ಕೂಡಿ ಬಾರದಿದ್ದರೆ ಆ ಯಂತ್ರವೇ ಇಲ್ಲ.

#6 ಲೋಹದೆಳೆ

ಪಂಚುಡೈ ಅವರು ಹಾಳೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು. ಅನ್ಯಾಯ. ಆ ಯಂತ್ರದ ಅರ್ಧ ಬುದ್ಧಿ ಇರುವುದು ಹಾಳೆಯಲ್ಲಿ.

ಒಡಲಿಗೆ ಬಳಸುವುದು 3004 ಅಥವಾ 3104 ಮಿಶ್ರಲೋಹ, ಅಲ್ಯೂಮಿನಿಯಂಗೆ ಮ್ಯಾಂಗನೀಸ್ ಮತ್ತು ಮೆಗ್ನೀಸಿಯಂ ಸೇರಿಸಿದ್ದು. ಮ್ಯಾಂಗನೀಸಿನಿಂದ ಹುಟ್ಟುವ ಗಟ್ಟಿ ಕಣಗಳು ಉಂಗುರಗಳ ಮೈಗೆ ಅಂಟಿಕೊಳ್ಳುವ ಅಲ್ಯೂಮಿನಿಯಂ ಅನ್ನು ಉಜ್ಜಿ ತೆಗೆಯುತ್ತವೆ. ಅವು ಇಲ್ಲದಿದ್ದರೆ ಉಂಗುರಕ್ಕೆ ಲೋಹ ಮೆತ್ತಿಕೊಂಡು ಮುಂದಿನ ಡಬ್ಬಿಗಳ ಮೇಲೆಲ್ಲ ಗೀರು.

ಹಾಳೆಯನ್ನು ಉರುಳೆಗಳ ನಡುವೆ ತೆಳುಗೊಳಿಸುವಾಗ ಅದರ ಹರಳುಗಳು ಒಂದು ದಿಕ್ಕಿಗೆ ವಾಲುತ್ತವೆ. ಆದ್ದರಿಂದ ಬಟ್ಟಲು ಒತ್ತಿದಾಗ ಬಾಯಂಚು ಮಟ್ಟವಾಗಿ ಬರುವುದಿಲ್ಲ, ನಾಲ್ಕು ಕಡೆ ಕಿವಿಗಳಂತೆ ಎದ್ದು ನಿಲ್ಲುತ್ತದೆ. ಆ ಕಿವಿಗಳನ್ನು ಟ್ರಿಮ್ಮರ್ ಕತ್ತರಿಸಿ ಎಸೆಯಬೇಕು. ಎದ್ದಷ್ಟೂ ನಷ್ಟ, ಅಷ್ಟೇ ಅಲ್ಲ, ತುದಿ ಮುರಿದು ಅಚ್ಚಿನೊಳಗೆ ಬಿದ್ದರೆ ಯಂತ್ರವೇ ನಿಲ್ಲುತ್ತದೆ. ಬಿಸಿಯಲ್ಲಿ ಕಾಯಿಸಿದಾಗ ಹುಟ್ಟುವ ಹರಳು ಜೋಡಣೆ ಉರುಳಿಸಿದ ದಿಕ್ಕಿಗೂ ಅದಕ್ಕೆ ಅಡ್ಡಲಾಗಿಯೂ ಕಿವಿ ಎಬ್ಬಿಸುತ್ತದೆ. ತಣ್ಣಗೆ ಉರುಳಿಸಿದಾಗ ಹುಟ್ಟುವುದು 45 ಡಿಗ್ರಿಯಲ್ಲಿ ಎಬ್ಬಿಸುತ್ತದೆ. ಎರಡನ್ನೂ ತೂಗಿ ಒಂದರಿಂದ ಇನ್ನೊಂದನ್ನು ಅಳಿಸಿಹಾಕುವುದು ಕಾರ್ಖಾನೆಗಳ ಗುಟ್ಟಿನ ವಿದ್ಯೆ. ಪೇಟೆಂಟ್ ವರ್ಗ ಬಿ21ಡಿಯಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ.

#7 ಕುತೂಹಲಿ

ಒಂದು ಸಂದೇಹ. ಪಠ್ಯದಲ್ಲಿ ಬಟ್ಟಲು ಒತ್ತುವಾಗ ಅಂಚಿನಲ್ಲಿ ನೆರಿಗೆ ಬೀಳುತ್ತದೆ ಎಂದು ಓದಿದ್ದೇನೆ. ಅಷ್ಟು ತೆಳುವಾದ ಹಾಳೆಯಲ್ಲಿ ಅದನ್ನು ಹೇಗೆ ತಡೆಯುತ್ತಾರೆ? ನೇರವಾಗಿ 140ರಿಂದ 66ಕ್ಕೆ ಒಂದೇ ಸಲ ಯಾಕೆ ಒತ್ತಬಾರದು?

#8 ಪಂಚುಡೈ

ಕಾಗದವನ್ನು ಲೋಟದೊಳಗೆ ಒತ್ತಿ ನೋಡಿ, ಅಂಚಿನ ಸುತ್ತಳತೆ ಕಿರಿದಾಗಬೇಕಾದಲ್ಲೆಲ್ಲ ನೆರಿಗೆ ಬರುತ್ತದೆ. ಲೋಹಕ್ಕೂ ಅದೇ ಗತಿ. ಆದ್ದರಿಂದ ಬಿಲ್ಲೆಯ ಅಂಚನ್ನು ಮೇಲಿನಿಂದ ಒಂದು ಉಂಗುರ ಅದುಮಿ ಹಿಡಿದಿರುತ್ತದೆ. ಸಡಿಲ ಹಿಡಿದರೆ ನೆರಿಗೆ, ಬಿಗಿ ಹಿಡಿದರೆ ಲೋಹ ಜಾರದೆ ತಳದ ಸುತ್ತ ಹರಿಯುತ್ತದೆ. ಬಿಲ್ಲೆಯ ವ್ಯಾಸ ಪಂಚ್‌ನ ವ್ಯಾಸದ ಸುಮಾರು ಎರಡು ಪಟ್ಟು ದಾಟಿದರೆ ಹರಿಯುವುದು ಖಚಿತ. 140ನ್ನು 66ರಿಂದ ಭಾಗಿಸಿ, ಎರಡಕ್ಕಿಂತ ಹೆಚ್ಚು ಬರುತ್ತದೆ. ಅದಕ್ಕೇ ನಡುವೆ 89ರ ನಿಲ್ದಾಣ.

#9 ಬೆಸುಗೆಕಿಡಿ

ಚರ್ಚೆ ಹೀಗೆಯೇ ಹೋದರೆ ಒಡಲು, ತಳ, ಮುಚ್ಚಳ ಬೇರೆಬೇರೆಯಾಗಿರುವ ಮೂರು ಭಾಗದ ಡಬ್ಬಿ ಸತ್ತೇಹೋಯಿತು ಎಂದು ಹೊಸಬರು ತಿಳಿಯುತ್ತಾರೆ. ಸತ್ತಿಲ್ಲ. ಆಹಾರ, ಬಣ್ಣ, ಸಿಂಪಡಿಸುವ ದ್ರವ, ದೊಡ್ಡ ಗಾತ್ರದ ಎಣ್ಣೆ ಡಬ್ಬಿ, ಇವುಗಳಲ್ಲಿ ಬಹಳಷ್ಟು ಇಂದಿಗೂ ತಗಡನ್ನು ಸುತ್ತಿ ಬೆಸೆದು ಮಾಡಿದವೇ. ಕಾರಣ ಸರಳ. ಎತ್ತರ ಬದಲಿಸಬೇಕೆಂದರೆ ನಾವು ತಗಡು ಕತ್ತರಿಸುವ ಅಳತೆ ಬದಲಿಸಿ ಒಂದಷ್ಟು ಹೊಂದಾಣಿಕೆ ಮಾಡಿಕೊಳ್ಳುತ್ತೇವೆ. ಪಂಚುಡೈ ಅವರ ಸಾಲಿನಲ್ಲಿ ಅದಕ್ಕೆ ಎಷ್ಟು ಉಪಕರಣ ಬದಲಿಸಬೇಕೆಂದು ಅವರನ್ನೇ ಕೇಳಿ. ಇನ್ನೊಂದು, ಪಾನೀಯದ ಡಬ್ಬಿ ಒಳಗಿನ ಅನಿಲದ ಒತ್ತಡದಿಂದ ಗಟ್ಟಿಯಾಗಿ ನಿಲ್ಲುತ್ತದೆ. ಆಹಾರದ ಡಬ್ಬಿಯೊಳಗೆ ತಣ್ಣಗಾದ ಮೇಲೆ ನಿರ್ವಾತ ಇರುತ್ತದೆ, ಹೊರಗಿನ ಗಾಳಿ ಅದನ್ನು ಒಳಕ್ಕೆ ತಳ್ಳುತ್ತದೆ. ಅಲ್ಲಿ 0.1 ಮಿಲಿಮೀಟರಿನ ಅಲ್ಯೂಮಿನಿಯಂ ಗೋಡೆಯ ಆಟ ನಡೆಯುವುದಿಲ್ಲ. ಉಕ್ಕು ಬೇಕು, ಅದರ ಮೈಮೇಲೆ ಅಡ್ಡ ಏಣುಗಳನ್ನೂ ಉರುಳಿಸಬೇಕು.

ಈಗ ನನ್ನ ಉತ್ತರ: ತಾಮ್ರದ ತಂತಿ.

ಪಕ್ಕದ ಜೋಡಣೆಗೆ ಸೀಸ ಬೆರೆತ ಬೆಸುಗೆ ಒಂದೂವರೆ ಶತಮಾನ ನಡೆಯಿತು. ಅದನ್ನು ಬಿಟ್ಟು ವಿದ್ಯುತ್ತಿನಿಂದ ಬೆಸೆಯಲು ಹೊರಟರೆ ತಗಡಿನ ಮೇಲಿನ ತವರ ಕರಗಿ, ವಿದ್ಯುತ್ ಹಾಯಿಸುವ ಎಲೆಕ್ಟ್ರೋಡ್‌ಗಳಾದ ತಾಮ್ರದ ಚಕ್ರಗಳಿಗೆ ಮೆತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಚಕ್ರ ಕೊಳಕಾಗಿ ಬೆಸುಗೆ ಕೆಡುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಸೌಡ್ರೋನಿಕ್ ಕಂಪನಿ ಪ್ರಸಿದ್ಧಗೊಳಿಸಿದ ಉಪಾಯ ನೋಡಿ: ಚಕ್ರಕ್ಕೂ ತಗಡಿಗೂ ನಡುವೆ ತಾಮ್ರದ ತಂತಿಯನ್ನು ಹರಿಯಬಿಟ್ಟರು. ತಗಡನ್ನು ಮುಟ್ಟುವುದು ಯಾವಾಗಲೂ ಹೊಸ ತಾಮ್ರ. ತವರ ಹತ್ತಿದ ತಂತಿ ಮುಂದಕ್ಕೆ ಹೋಗಿ ಗುಜರಿಗೆ ಸೇರುತ್ತದೆ, ಕರಗಿಸಿ ಮತ್ತೆ ತಂತಿ ಮಾಡುತ್ತಾರೆ. ಕೊಳೆಯಾಗದ ಎಲೆಕ್ಟ್ರೋಡ್ ಹುಡುಕುವ ಗೋಜಿಗೆ ಹೋಗದೆ, ಕೊಳೆಯಾದದ್ದನ್ನು ಕ್ಷಣಕ್ಷಣವೂ ಹೊರಗೆ ಸಾಗಿಸಿದರು. ಇದಕ್ಕಿಂತ ಜಾಣತನ ಈ ಇಡೀ ಉದ್ಯಮದಲ್ಲಿ ನನಗೆ ಕಂಡಿಲ್ಲ.

ಬೆಸುಗೆಯ ಅಂಚು ಒಂದರ ಮೇಲೊಂದು ಬರುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಪರ್ಯಾಯ ವಿದ್ಯುತ್ತಿನ ಪ್ರತಿ ಅರ್ಧ ಆವರ್ತಕ್ಕೆ ಒಂದು ಬೆಸುಗೆ ಬೊಟ್ಟು ಬೀಳುತ್ತದೆ. ಬೊಟ್ಟುಗಳು ಒಂದಕ್ಕೊಂದು ತಾಗಿಕೊಂಡೇ ಇರಬೇಕು. ವೇಗ ಹೆಚ್ಚಿಸಿದರೆ ಬೊಟ್ಟುಗಳ ನಡುವೆ ಅಂತರ ಬಿದ್ದು ಸೋರುತ್ತದೆ, ಆದ್ದರಿಂದ ವಿದ್ಯುತ್ತಿನ ಆವರ್ತಾಂಕವನ್ನೂ ಜೊತೆಗೇ ಏರಿಸಬೇಕು. ಸಾಮಾನ್ಯ 50 ಹರ್ಟ್ಸ್ ಎಲ್ಲಿಗೂ ಸಾಲದು.

#10 ಹಳೆಯಪುಟ

ಸೀಸದ ಮಾತು ಬಂದದ್ದರಿಂದ ಒಂದು ಸೇರಿಕೆ. 1845ರಲ್ಲಿ ಉತ್ತರ ಧ್ರುವಪ್ರದೇಶದ ಕಡೆ ಹೊರಟು ಮರಳದ ಬ್ರಿಟಿಷ್ ನಾವಿಕ ಫ್ರಾಂಕ್ಲಿನ್ ತಂಡದವರ ದೇಹಗಳನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಸೀಸದ ಪ್ರಮಾಣ ಹೆಚ್ಚಾಗಿ ಕಂಡಿತು. ಅಪವಾದ ಡಬ್ಬಿಯ ಬೆಸುಗೆಯ ಮೇಲೆ ಬಂತು. ಸೀಸದ ಮೂಲ ಡಬ್ಬಿಯೇ, ಅದೇ ಅವರನ್ನು ಕೊಂದಿತೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ, ಹಾಗಾಗಿ ಆ ಕಥೆಯನ್ನು ಖಚಿತವೆಂಬಂತೆ ಹಂಚುವವರನ್ನು ನಂಬಬೇಡಿ. ಅಮೆರಿಕದ ಕಾರ್ಖಾನೆಗಳು ಆಹಾರದ ಡಬ್ಬಿಗೆ ಸೀಸದ ಬೆಸುಗೆ ಬಿಟ್ಟದ್ದು 1991ರಲ್ಲಿ, ಕಾನೂನಿನ ನಿಷೇಧ ಬಂದದ್ದು 1995ರಲ್ಲಿ. ಯಂತ್ರ ಅದಕ್ಕೂ ಬಹಳ ಮೊದಲೇ ತಯಾರಿತ್ತು.

#11 ತಗಡುಚಕ್ರ

ಬೆಸುಗೆಕಿಡಿ ಅವರ ಬರಹ ನನ್ನ ಲೆಕ್ಕಕ್ಕೆ ಒಂದು ತೊಡಕು ತಂದಿದೆ, ಸ್ವಾಗತ. ಜೋಡಣೆಯನ್ನು ತೆಗೆಯದೆ ಅದನ್ನು ಉತ್ತಮಗೊಳಿಸಿದ್ದೂ ಅಷ್ಟೇ ದೊಡ್ಡ ಕೆಲಸವಾಗಬಹುದು. ಪಕ್ಕದ ಬೆಸುಗೆ ತೆಳುವಾದದ್ದರಿಂದ ಅದರ ಮೇಲೆ ಹಾದುಹೋಗುವ ಡಬಲ್ ಸೀಮಿಗೂ ಸಲೀಸಾಗಿರಬೇಕಲ್ಲವೇ, ರಾತ್ರಿಪಾಳಿಯವರೇ?

ಮುಚ್ಚಳದ ಬಗ್ಗೆ ಇನ್ನೂ ಯಾರೂ ಬಾಯಿ ತೆರೆದಿಲ್ಲ.

#12 ರಾತ್ರಿಪಾಳಿ

ಬಹಳ ಸಲೀಸು. ಮಡಚಿ ಬೆಸೆದ ಹಳೆಯ ಪಕ್ಕದ ಜೋಡಣೆ ಸೀಮನ್ನು ಸಂಧಿಸುವ ಜಾಗದಲ್ಲಿ ಪದರಗಳು ಹೆಚ್ಚಾಗಿ ದಪ್ಪ ಏರುತ್ತಿತ್ತು. ರೋಲರ್ ಆ ಗಂಟಿನ ಮೇಲೆ ಹತ್ತಿ ಇಳಿಯುವಾಗ ಅಕ್ಕಪಕ್ಕ ಸಡಿಲ ಬಿಡುತ್ತಿತ್ತು. ಸೋರುವ ಡಬ್ಬಿ ಬಂದರೆ ಮೊದಲು ನೋಡುವ ಜಾಗ ಅದು.

ಸೀಮನ್ನು ಪರೀಕ್ಷಿಸುವ ಬಗೆಯನ್ನೂ ಹೇಳಿಬಿಡುತ್ತೇನೆ, ಪುಸ್ತಕಗಳಲ್ಲಿ ಒಣಒಣವಾಗಿ ಬರೆದಿರುತ್ತಾರೆ. ಡಬ್ಬಿಯನ್ನು ಕೊಯ್ದು ಒಡಲಿನ ಕೊಕ್ಕೆ, ಮುಚ್ಚಳದ ಕೊಕ್ಕೆ, ಅವೆರಡೂ ಒಂದರೊಳಗೊಂದು ಎಷ್ಟು ಹೊಕ್ಕಿವೆ ಎಂಬುದನ್ನು ಅಳೆಯುತ್ತೇವೆ. ಆದರೆ ಅನುಭವಿಗಳ ಕಣ್ಣು ಹೋಗುವುದು ನೆರಿಗೆಯ ಕಡೆಗೆ. ಮುಚ್ಚಳದ ಕೊಕ್ಕೆಯನ್ನು ಬಿಡಿಸಿ ನೋಡಿದರೆ ಅದರ ಅಂಚಿನಲ್ಲಿ ಸಣ್ಣ ಅಲೆಗಳಿರುತ್ತವೆ. ಎರಡನೆಯ ರೋಲರ್ ಸರಿಯಾಗಿ ಒತ್ತಿದ್ದರೆ ಅಲೆಗಳು ಬಹುಪಾಲು ಅಳಿಸಿಹೋಗಿರುತ್ತವೆ. ಉಳಿದಿದ್ದರೆ ಸಡಿಲ. ಸಡಿಲವೆಂದು ರೋಲರನ್ನು ಮಿತಿಮೀರಿ ಒತ್ತಿದರೆ ಸೀಮಿನ ಒಳ ಅಂಚು ಚೂಪಾಗುತ್ತದೆ, ಲೋಹ ಸೀಳುತ್ತದೆ. ಕೆಲವು ಮೇಲ್ವಿಚಾರಕರು ಸೀಮಿನ ಹೊರದಪ್ಪ ಮಾತ್ರ ಅಳೆದು ಎಲ್ಲ ಸರಿ ಎಂದು ಸಹಿ ಹಾಕುತ್ತಾರೆ. ಹೊರದಪ್ಪ ಸರಿಯಿದ್ದೂ ಒಳಗೆ ಕೊಕ್ಕೆಗಳು ಒಂದನ್ನೊಂದು ಹಿಡಿಯದೇ ಇರಬಹುದು, ಅದು ಹೊರಗಿನಿಂದ ಕಾಣುವುದಿಲ್ಲ. ಈಗ ಕೊಯ್ಯದೆಯೇ ಎಕ್ಸ್-ರೇ ಮೂಲಕ ನೋಡುವ ಉಪಕರಣಗಳಿವೆ.

#13 ಪಂಚುಡೈ

ಮುಚ್ಚಳಕ್ಕೆ ಬರೋಣ. ಓಹಿಯೋದ ಡೇಟನ್ ನಗರದ ಎರ್ಮಲ್ ಫ್ರೇಜ್ ನಮ್ಮ ಜಾತಿಯವನು, ಅಂದರೆ ಅಚ್ಚು ಮಾಡುವವನು. 1959ರ ಒಂದು ವನಭೋಜನದಲ್ಲಿ ತೆರೆಯುವ ಉಪಕರಣ ಇಲ್ಲದೆ ಕಾರಿನ ಬಂಪರಿಗೆ ಡಬ್ಬಿಯನ್ನು ತಾಗಿಸಿ ತೆರೆದನೆಂಬುದು ಎಲ್ಲರೂ ಹೇಳುವ ಕಥೆ. ಆ ಕಥೆಯಿಂದ ಒಂದು ತೊಂದರೆ: ಎಳೆಯುವ ಉಂಗುರವೇ ಆವಿಷ್ಕಾರ ಎಂದು ಜನ ತಿಳಿಯುತ್ತಾರೆ. ಅಲ್ಲ. ಆವಿಷ್ಕಾರ ಇರುವುದು ರಿವೆಟ್‌ನಲ್ಲಿ.

ಉಂಗುರವನ್ನು ಮುಚ್ಚಳಕ್ಕೆ ಹೇಗೆ ಹಿಡಿಸುತ್ತೀರಿ? ತೂತು ಕೊರೆದು ರಿವೆಟ್ ಹಾಕಿದರೆ ತೂತಿನಿಂದ ಸೋರುತ್ತದೆ. ಆದ್ದರಿಂದ ಮುಚ್ಚಳದ ಲೋಹವನ್ನೇ ಗುಳ್ಳೆಯಂತೆ ಉಬ್ಬಿಸಿ, ಹಂತಹಂತವಾಗಿ ಕಿರಿದುಮಾಡಿ ಗುಬಟೆಯಾಗಿಸಿ, ಉಂಗುರವನ್ನು ಅದರ ಮೇಲೆ ಕೂರಿಸಿ, ತಲೆಯನ್ನು ಚಪ್ಪಟೆ ಮಾಡುತ್ತಾರೆ. ಎಲ್ಲಿಯೂ ತೂತಿಲ್ಲ. ತೆರೆಯುವ ಗೆರೆಯನ್ನು ಮೇಲಿನಿಂದ ಚೂಪು ಅಚ್ಚಿನಿಂದ ಕೊರೆಯುತ್ತಾರೆ. ಗೆರೆಯ ಕೆಳಗೆ ಉಳಿಯುವ ಲೋಹ ತುಸು ಹೆಚ್ಚಾದರೆ ಬೆರಳಿಗೆ ತೆರೆಯದು, ತುಸು ಕಡಿಮೆಯಾದರೆ ಸಾಗಾಟದಲ್ಲೇ ಸಿಡಿಯುತ್ತದೆ. ಪ್ರೆಸ್ ಬೆಳಗ್ಗೆ ತಣ್ಣಗಿದ್ದಾಗ ಬರುವ ಆಳವೇ ಬೇರೆ, ಓಡಿ ಬಿಸಿಯಾದ ಮೇಲೆ ಬರುವ ಆಳವೇ ಬೇರೆ. ಮುಚ್ಚಳಕ್ಕೆ ಗೆರೆ, ರಿವೆಟ್, ಉಂಗುರ ಹಾಕುವ ಒಳ್ಳೆಯ ಕನ್ವರ್ಷನ್ ಪ್ರೆಸ್ಸಿಗೂ ಸಾಧಾರಣ ಪ್ರೆಸ್ಸಿಗೂ ಇರುವ ವ್ಯತ್ಯಾಸವೆಲ್ಲ ಈ ಕೆಲವು ಮೈಕ್ರಾನ್‌ಗಳಲ್ಲಿ ಇದೆ.

ಕಿತ್ತ ಉಂಗುರಗಳು ಕಡಲತೀರಗಳಲ್ಲಿ ಬಿದ್ದು ಕಾಲು ಕೊಯ್ಯತೊಡಗಿದ ಮೇಲೆ, 1975ರಲ್ಲಿ ರೆನಾಲ್ಡ್ಸ್ ಕಂಪನಿಯ ಡೇನಿಯಲ್ ಕುಡ್ಜಿಕ್ ರೂಪಿಸಿದ, ಡಬ್ಬಿಯಲ್ಲೇ ಉಳಿಯುವ ಉಂಗುರ ಮಾರುಕಟ್ಟೆಗೆ ಬಂತು. ಅಲ್ಲಿಯೂ ಹಿಡಿದಿರುವುದು ಅದೇ ರಿವೆಟ್.

#14 ಕುತೂಹಲಿ

ಡಬ್ಬಿಯ ಕತ್ತು ಕಿರಿದಾಗಿರುವುದು ಅಂದಕ್ಕೋ?

#15 ಲೋಹದೆಳೆ

ದುಡ್ಡಿಗೆ. ಮುಚ್ಚಳ ಚಪ್ಪಟೆ, ಒತ್ತಡವನ್ನು ತಡೆಯಲು ಅದು ಗೋಡೆಗಿಂತ ದಪ್ಪವಾಗಿ ಇರಲೇಬೇಕು. ಅದರ ಮಿಶ್ರಲೋಹವೂ ಬೇರೆ, 5182, ಮೆಗ್ನೀಸಿಯಂ ಹೆಚ್ಚಿರುವ ಗಟ್ಟಿ ಜಾತಿ. ಡಬ್ಬಿಯ ಒಟ್ಟು ತೂಕದಲ್ಲಿ ಸುಮಾರು ಕಾಲುಭಾಗ ಮುಚ್ಚಳದ್ದೇ. ಹಾಗಾಗಿ ಮುಚ್ಚಳವನ್ನು ಕಿರಿದು ಮಾಡಿದಷ್ಟೂ ಉಳಿತಾಯ. ಈ ಉದ್ಯಮ ಮುಚ್ಚಳದ ಅಳತೆಯನ್ನು ಮೂರಂಕಿಯಲ್ಲಿ ಹೇಳುತ್ತದೆ: ಮೊದಲ ಅಂಕಿ ಇಂಚು, ಉಳಿದೆರಡು ಇಂಚಿನ ಹದಿನಾರನೆಯ ಭಾಗಗಳು. 211 ಎಂದರೆ 2 ಇಂಚು ಮತ್ತು 11/16. ಅಲ್ಲಿಂದ 209, 206, ಈಗ 202ರವರೆಗೆ ಇಳಿದಿದ್ದಾರೆ.

ಕತ್ತನ್ನು ಒಂದೇ ಸಲ ಒತ್ತಿದರೆ ಅಷ್ಟು ತೆಳು ಗೋಡೆ ಸುಕ್ಕಾಗುತ್ತದೆ. ಅದಕ್ಕೇ ಹತ್ತಕ್ಕೂ ಹೆಚ್ಚು ಅಚ್ಚುಗಳ ಸಾಲು, ಪ್ರತಿಯೊಂದೂ ಚೂರುಚೂರೇ ಕಿರಿದು ಮಾಡುತ್ತದೆ. ಬಾಡಿಮೇಕರಿನ ಪಂಚ್ ಕೂಡ ಇದಕ್ಕೆ ಮೊದಲೇ ಸಿದ್ಧತೆ ಮಾಡಿಕೊಟ್ಟಿರುತ್ತದೆ: ಪಂಚ್‌ನ ಮೈ ಆ ಭಾಗದಲ್ಲಿ ತುಸು ಸಣ್ಣದು, ಆದ್ದರಿಂದ ಡಬ್ಬಿಯ ಬಾಯಿಯ ಬಳಿ ಗೋಡೆ ನಡುಭಾಗಕ್ಕಿಂತ ದಪ್ಪವಾಗಿ ಉಳಿಯುತ್ತದೆ.

#16 ಒಣಸಾಲು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಜೋಡಣೆ ಎಣಿಸುವ ಅಳತೆಗೋಲು ನನಗೆ ಒಪ್ಪಿಗೆಯಿಲ್ಲ. ನಾನು ಇಡೀ ಸಾಲಿನ ವಿನ್ಯಾಸ ನೋಡುವವನು. ತಳ ಒಡಲಿಗೇ ಸೇರಿರುವ ಎರಡು ಭಾಗದ ಡಬ್ಬಿಯ ಕಾರ್ಖಾನೆಗೆ ಬಂದು ನೋಡಿ, ಬಾಡಿಮೇಕರ್ ಆಕ್ರಮಿಸುವ ಜಾಗಕ್ಕಿಂತ ಅದರ ನಂತರದ ತೊಳೆಯುವ ಯಂತ್ರ ಮತ್ತು ಒಲೆಗಳ ಜಾಗ ಎಷ್ಟೋ ದೊಡ್ಡದು. ಉಂಗುರ ದಾಟಲು ಸುರಿದ ಎಣ್ಣೆ-ನೀರನ್ನೆಲ್ಲ ತೊಳೆಯಬೇಕು, ಒಣಗಿಸಬೇಕು, ಹೊರಗೆ ಬಣ್ಣ ಬಳಿಯಬೇಕು, ಮತ್ತೆ ಒಣಗಿಸಬೇಕು, ಒಳಗೆ ಲ್ಯಾಕರ್ ಎಂಬ ರಕ್ಷಣೆಯ ಲೇಪ ಸಿಂಪಡಿಸಬೇಕು, ಮತ್ತೆ ಒಲೆ. ಪಕ್ಕದ ಜೋಡಣೆ ತೆಗೆದದ್ದಕ್ಕೆ ತೆತ್ತ ಬೆಲೆ ಇದು. ಒಂದು ಜೋಡಣೆ ಹೋಗಿ ಇಷ್ಟೊಂದು ಹಂತ ಸೇರಿದ್ದನ್ನು ನಿಮ್ಮ ಲೆಕ್ಕ ತೋರಿಸುವುದಿಲ್ಲ.

ನನ್ನ ಮಟ್ಟಿಗೆ ದೊಡ್ಡ ಹೆಜ್ಜೆ 1990ರ ದಶಕದ ಆರಂಭದಲ್ಲಿ ಜಪಾನಿನ ಟೊಯೊ ಸೇಕಾನ್ ಕಂಪನಿ ತಂದದ್ದು. ಉಕ್ಕಿನ ಹಾಳೆಯ ಎರಡೂ ಬದಿಗೆ ಮೊದಲೇ ಪಾಲಿಯೆಸ್ಟರ್ ಪೊರೆ ಅಂಟಿಸಿ, ಆ ಪೊರೆಯ ಸಮೇತ ಒಣಗಿರುವಂತೆಯೇ ಡಬ್ಬಿಯನ್ನು ಎಳೆದು ತೆಳುಗೊಳಿಸಿದರು. ಎಣ್ಣೆ-ನೀರು ಬೇಡ, ತೊಳೆಯುವುದು ಬೇಡ, ಒಳಗಿನ ಲ್ಯಾಕರ್ ಬೇಡ. ಪೊರೆ ಹರಿಯದಂತೆ ಗೋಡೆಯನ್ನು ತೆಳುಗೊಳಿಸುವುದು ಎಷ್ಟು ಕಷ್ಟ ಎಂದು ಪಂಚುಡೈ ಅವರಿಗೆ ನಾನು ಹೇಳಬೇಕಿಲ್ಲ.

#17 ಪಂಚುಡೈ

ಹೇಳಬೇಕಿಲ್ಲ. ಬಾಗುವ ಜಾಗದ ಮೂಲೆಯನ್ನು ಬಹಳ ಚಿಕ್ಕ ತ್ರಿಜ್ಯದಲ್ಲಿ ಇಟ್ಟು, ಹಾಳೆಯನ್ನು ಎಳೆದು ಹಿಗ್ಗಿಸಿಯೇ ಅರ್ಧ ತೆಳುಗೊಳಿಸುತ್ತಾರೆ, ಉಜ್ಜುವ ಕೆಲಸ ಉಂಗುರಕ್ಕೆ ಕಡಿಮೆ ಬೀಳುತ್ತದೆ. ಉಪಕರಣದ ಬಿಸಿಯನ್ನೂ ಹಿಡಿತದಲ್ಲಿ ಇಡಬೇಕು, ಪೊರೆ ಮೆತ್ತಗಾದರೆ ಕಳಚುವಾಗ ಪಂಚ್‌ಗೆ ಅಂಟುತ್ತದೆ. ಆದರೂ ಎಲ್ಲ ಕಾರ್ಖಾನೆಗಳೂ ಅದಕ್ಕೆ ಬದಲಾಗಲಿಲ್ಲ ಎಂಬುದನ್ನು ಮರೆಯಬೇಡಿ. ಹಳೆಯ ಸಾಲಿನಲ್ಲಿ ಹಾಕಿದ ಬಂಡವಾಳವನ್ನು ಯಾರೂ ಸುಲಭವಾಗಿ ಎಸೆಯುವುದಿಲ್ಲ.

#18 ರಾತ್ರಿಪಾಳಿ

ಒಣಸಾಲು ಅವರು ಹಂತಗಳನ್ನು ಎಣಿಸುವಾಗ ಒಂದನ್ನು ಬಿಟ್ಟರು: ಬೆಳಕಿನ ಪರೀಕ್ಷೆ. ಡಬ್ಬಿಯ ಬಾಯಿಯನ್ನು ಕತ್ತಲೆ ಪೆಟ್ಟಿಗೆಗೆ ಒತ್ತಿ ಹಿಡಿದು ಹೊರಗಿನಿಂದ ಪ್ರಖರ ಬೆಳಕು ಬಿಡುತ್ತಾರೆ. ಒಳಗಿನ ಸಂವೇದಕಕ್ಕೆ ಸ್ವಲ್ಪ ಬೆಳಕು ಕಂಡರೂ ಡಬ್ಬಿಯಲ್ಲಿ ತೂತಿದೆ ಎಂದರ್ಥ, ಗಾಳಿಯ ಹೊಡೆತ ಅದನ್ನು ಸಾಲಿನಿಂದ ಹೊರಗೆ ತಳ್ಳುತ್ತದೆ. ಕಣ್ಣಿಗೆ ಕಾಣದ ತೂತನ್ನೂ ಹಿಡಿಯುತ್ತದೆ. ಇದನ್ನು ಯಾರೂ ಮಹಾ ಆವಿಷ್ಕಾರ ಎನ್ನುವುದಿಲ್ಲ. ಇದಿಲ್ಲದಿದ್ದರೆ ನಿಮಿಷಕ್ಕೆ ಸಾವಿರಗಟ್ಟಲೆ ಡಬ್ಬಿ ಮಾಡಿ ಏನು ಪ್ರಯೋಜನ?

#19 ಕುತೂಹಲಿ

ಕೊನೆಯ ಪ್ರಶ್ನೆ. ಉಳಿದಿರುವ ಆ ಒಂದು ಜೋಡಣೆಯನ್ನೂ ತೆಗೆಯಲು ಸಾಧ್ಯವೇ?

#20 ಪಂಚುಡೈ

ಸಿಂಪಡಿಸುವ ಅಲ್ಯೂಮಿನಿಯಂ ಡಬ್ಬಿ ಅಲ್ಲಿಗೆ ಬಹಳ ಹತ್ತಿರ ಬಂದಿದೆ. ದಪ್ಪನೆಯ ಸಣ್ಣ ಬಿಲ್ಲೆಯನ್ನು ಅಚ್ಚಿನ ತಗ್ಗಿನಲ್ಲಿಟ್ಟು ಪಂಚ್‌ನಿಂದ ಬಲವಾಗಿ ಗುದ್ದುತ್ತಾರೆ. ಲೋಹಕ್ಕೆ ಹೋಗಲು ಬೇರೆ ದಾರಿಯಿಲ್ಲದೆ ಪಂಚ್‌ನ ಸುತ್ತ ಮೇಲಕ್ಕೆ ನುಗ್ಗಿ ಕೊಳವೆಯಾಗುತ್ತದೆ, ಒಂದೇ ಗುದ್ದಿಗೆ. ಆಮೇಲೆ ಅದರ ಬಾಯನ್ನು ಅನೇಕ ಅಚ್ಚುಗಳಲ್ಲಿ ಭುಜದಂತೆ ಕಿರಿದುಮಾಡಿ ಅಂಚು ಸುರುಳಿಸುತ್ತಾರೆ. ಒಡಲು, ತಳ, ಭುಜ ಎಲ್ಲ ಒಂದೇ ಲೋಹ. ಆದರೂ ತುಂಬಲು ಬಾಯಿ ಬೇಕಲ್ಲ? ಅಲ್ಲಿ ಕವಾಟದ ಬಟ್ಟಲನ್ನು ಗ್ಯಾಸ್ಕೆಟ್ ಸಮೇತ ಕೂರಿಸಿ, ಒಳಗಿನಿಂದ ಹಿಗ್ಗಿಸಿ ಹಿಡಿಸುತ್ತಾರೆ.

#21 ರಾತ್ರಿಪಾಳಿ

ಅಂದರೆ ಅಲ್ಲಿಯೂ ಲೋಹ ಬಿಗಿ ಕೊಡುತ್ತದೆ, ರಬ್ಬರ್ ಸೋರದಂತೆ ಕಾಯುತ್ತದೆ. ನನಗೆ ಇಷ್ಟು ಸಾಕು.

#22 ಬೆಸುಗೆಕಿಡಿ

ಬಿಗಿಯ ಅಳತೆ ತಪ್ಪಿದರೆ ಅಲ್ಲಿಯೂ ಸೋರುತ್ತದೆ, ಫಿಟ್ಟರನ್ನೇ ಕರೆಯುತ್ತಾರೆ. ಕುತೂಹಲಿ ಅವರೇ, ನಿಮ್ಮ ಕಾಲೇಜಿನ ಕಾರ್ಯಾಗಾರದಲ್ಲಿ ಖಾಲಿ ಪಾನೀಯದ ಡಬ್ಬಿಯೊಂದನ್ನು ಉದ್ದಕ್ಕೆ ಸೀಳಿ, ತಳ, ನಡುಭಾಗ, ಕತ್ತು ಮೂರು ಕಡೆ ಮೈಕ್ರೋಮೀಟರ್ ಇಟ್ಟು ನೋಡಿ. ಅಂಚು ಹರಿತ, ಕೈಗವಸು ಹಾಕಿಕೊಳ್ಳಿ. ಗೋಡೆಗೆ ಹಚ್ಚಿದ ಬಣ್ಣ ಮತ್ತು ಲ್ಯಾಕರ್ ಕೂಡ ಅಳತೆಯಲ್ಲಿ ಸೇರಿಕೊಳ್ಳುತ್ತವೆ, ನುಣುಪು ಕಾಗದದಿಂದ ಅವನ್ನು ಉಜ್ಜಿ ತೆಗೆದ ಮೇಲೆ ಅಳೆಯಿರಿ. ಬಂದ ಅಂಕಿಗಳನ್ನು ಇಲ್ಲಿ ಹಾಕಿದರೆ ಪಂಚ್ ಯಾವ ಜಾಗದಲ್ಲಿ ಎಷ್ಟು ಸಣ್ಣದಿತ್ತು ಎಂದು ಲೆಕ್ಕ ಹಾಕೋಣ.